ಪುಟ್ಟಿ, ಗೋಪುರದ ವಿಷಯ ಹೇಳ್ತೀನಿ ಕೇಳು

ಪುಟ್ಟಿ, ನಿನ್ನ ಮೆಸೇಜ್ ಈಗ ನೋಡಿದೆ. ಕ್ಲಾಸಿನ ಮಕ್ಕಳು ನ್ಯೂಯಾರ್ಕ್ ಮ್ಯಾನ್‌ಹಟನ್ನಿನ ಸೇಂಟ್ ಪಾಲ್ಸ್ ಚಾಪೆಲ್, ಅದೇ ಆ ಹಳೇ ಚರ್ಚು, ರಟ್ಟಲ್ಲಿ ಮಾಡ್ತಿದಾರೆ, ಎಂಟು ಮೂಲೆ ಗೋಪುರ ಚೌಕದ ಮೇಲೆ ಕೂರ್ತಿಲ್ಲ, ಸೋಮವಾರ ಪ್ರದರ್ಶನ. ಅಷ್ಟೇ ತಾನೆ? ಹೇಳ್ತೀನಿ. ಅದಕ್ಕೆ ಮುಂಚೆ, ಗೋಪುರ ಯಾವ ಕಡೆ ಇಟ್ಟಿದೀರಿ? ಬ್ರಾಡ್‌ವೇ ಬೀದಿ ಕಡೆ, ಕಂಬಗಳ ಮುಖಮಂಟಪದ ಮೇಲಾ? ಹಾಗಿದ್ರೆ ಅಂಟು ಹಾಕ್ಬೇಡಿ.

ನಾವಿಬ್ಬರೂ ಅಲ್ಲಿಗೆ ಬಂದಿದ್ದ ವರ್ಷ ಮೊಮ್ಮಗನಿಗೆ ಇದೇ ಚಾಪೆಲ್ ಮಾಡಿಕೊಟ್ಟಿದ್ದೆನಲ್ಲ, ಎಲ್ಲರಿಗೂ ಗೊತ್ತಿರೋದೇ. ಕೈಯಲ್ಲಿದ್ದದ್ದು ಒಂದೇ ಫೋಟೋ, ಬ್ರಾಡ್‌ವೇಯಿಂದ ತೆಗೆದದ್ದು. ಅದರಲ್ಲಿ ಗೋಪುರ ಮಂಟಪದ ನೆತ್ತಿಯಿಂದಲೇ ಎದ್ದ ಹಾಗೆ ಕಾಣತ್ತೆ. ಅಲ್ಲೇ ಅಂಟಿಸಿದೆ. ಮಾರನೇ ದಿನ ಪಕ್ಕದಿಂದ ತೆಗೆದ ಚಿತ್ರ ಸಿಕ್ಕಿತು ನೋಡು, ಗೋಪುರ ಆಚೆ ತುದೀಲಿ, ಪಶ್ಚಿಮಕ್ಕೆ, ಸಮಾಧಿಗಳಿರೋ ಅಂಗಳದ ಕಡೆ! ಕೀಳೋಕೆ ಹೋದರೆ ಮಾಡಿನ ರಟ್ಟು ಪದರಪದರವಾಗಿ ಎದ್ದು ಬಂತು.

ಇದನ್ನ ಮಕ್ಕಳೇ ಹುಡುಕಲಿ. ಬಲಿಪೀಠ ಪೂರ್ವಕ್ಕಿದೆ, ಬ್ರಾಡ್‌ವೇನೂ ಪೂರ್ವಕ್ಕೇ ಇದೆ. ಹಾಗಾಗಿ ಬೀದಿಯಿಂದ ಮುಂಭಾಗ ಅನ್ನಿಸೋದು ಒಳಗಿನಿಂದ ನೋಡಿದರೆ ಬಲಿಪೀಠದ ಬೆನ್ನು. ಇನ್ನೊಂದು, 1766ರಲ್ಲಿ ಚಾಪೆಲ್ ತೆರೆದಾಗ ಗೋಪುರವೇ ಇರಲಿಲ್ಲ, ಕಟ್ಟಿದ್ದು 1790ರ ದಶಕದಲ್ಲಿ. 1789ರ ಏಪ್ರಿಲ್ 30ರಂದು ವಾಷಿಂಗ್ಟನ್ ಅಮೆರಿಕದ ಮೊದಲ ಅಧ್ಯಕ್ಷನಾಗಿ ಪ್ರಮಾಣ ತಗೊಂಡು ಪ್ರಾರ್ಥನೆಗೆ ಇಲ್ಲಿಗೇ ಬಂದ, ಯಾಕಂದ್ರೆ ದೊಡ್ಡ ಟ್ರಿನಿಟಿ ಚರ್ಚು 1776ರ ಬೆಂಕೀಲಿ ಸುಟ್ಟುಹೋಗಿತ್ತು. ಅವತ್ತು ಆತ ನೋಡಿದ್ದು ಗೋಪುರ ಇಲ್ಲದ ಕಟ್ಟಡ. ಅದಕ್ಕೇ ಗೋಪುರ ಬಿಡಿಯಾಗಿರಲಿ, ಎತ್ತಿದರೆ 1789, ಇಟ್ಟರೆ ಈಗಿನದು. ಹೆಸರಿನ ಚೀಟೀಲಿ 'ಎಪಿಸ್ಕೋಪಲ್, 1766' ಅಂತ ಬರೆಸಬೇಡ, ಆಗ ಅದು ಇಂಗ್ಲೆಂಡಿನ ಚರ್ಚಿಗೆ ಸೇರಿತ್ತು. ಅಲ್ಲಿನವರು ಬೇರೆಯಾಗಿ ಎಪಿಸ್ಕೋಪಲ್ ಚರ್ಚು ಅನ್ನಿಸಿಕೊಂಡಿದ್ದು ಅಮೆರಿಕಕ್ಕೆ ಸ್ವಾತಂತ್ರ್ಯ ಬಂದ ಮೇಲಿನ ಮಾತು.

ಅಯ್ಯೋ ಇನ್ನೊಂದ್ಸಲ ಹೇಳ್ತೀನಿ, ಎರಡು ಕಡೆಯ ಫೋಟೋ ನೋಡದೆ ಗೋಪುರದ ಜಾಗ ಗೊತ್ತುಮಾಡ್ಬೇಡಿ. ಮಂಟಪದ ಮೇಲೆ ಅಂತೂ ಬೇಡವೇ ಬೇಡ.

ಅಷ್ಟು ಕಷ್ಟಪಟ್ಟು ತಿದ್ದಿದ ಆ ಮಾದರಿ ಎಲ್ಲಿದೆ ಈಗ? ಮೊಮ್ಮಗನ ಮನೆಯವರು ಮನೆ ಬದಲಾಯಿಸುವಾಗ ಕಸಕ್ಕೆ ಹಾಕಿದರಂತೆ. ನನಗೊಂದು ಮಾತು ಕೇಳಲಿಲ್ಲ. ಹಳೇ ಮೈಕ್ರೋವೇವಿನ ಡಬ್ಬ ಮಾತ್ರ ಜೋಪಾನವಾಗಿದೆ, 'ಬೇಕಾಗತ್ತೆ' ಅಂತ. ಈ ಗ್ರೂಪಲ್ಲೇ ಇದಾರೆ ಅವರು, ಕೇಳಿಸ್ಕೊಳ್ಳಲಿ. ಮೂರು ವಾರ ಕೂತು ಒಂದೊಂದೇ ಕಿಟಕಿ ಕೊರೆದಿದ್ದೆ ಕಣಮ್ಮ. ಹೋಗ್ಲಿ ಬಿಡು.

ಏನು ಕೇಳಿದ್ದೆ ನೀನು? ಹಾಂ, ಎಂಟು ಮೂಲೆ. ಮಕ್ಕಳು 6 ಸೆಂಟಿಮೀಟರ್ ಬದಿಯನ್ನ ಎರಡೆರಡರಂತೆ ಮೂರು ಪಾಲು ಮಾಡಿ ಮೂಲೆ ಕತ್ತರಿಸಿರ್ತಾರೆ. ಆಗ ನೇರದ ಬದಿ 2 ಬರತ್ತೆ, ಓರೆಯದು 2.8. ಗೋಡೆಯ ಪಟ್ಟಿ ಮಡಿಕೆಗೆ ಸೇರೋದೇ ಇಲ್ಲ. 6ರ ಚೌಕಕ್ಕೆ ಕರ್ಣ ಎಳೆದು ಅರ್ಧ ಅಳೀಲಿ, 4.2 ಚಿಲ್ಲರೆ. ಕೈವಾರವನ್ನ ಅಷ್ಟಕ್ಕೆ ತೆರೆದು ನಾಲ್ಕೂ ಮೂಲೆಯಿಂದ ಬದಿಗಳ ಮೇಲೆ ಗುರುತು ಹಾಕಲಿ. ಆ ಎಂಟು ಗುರುತು ಸೇರಿಸಿದರೆ ಎಲ್ಲಾ ಬದಿ ಸುಮಾರು 2.5. ಅಂಥ ಎರಡು ತಟ್ಟೆ ಕತ್ತರಿಸಿ, ಮೇಲೊಂದು ಕೆಳಗೊಂದು. ಗೋಪುರದ ಗೋಡೆಗೆ ತೆಳು ಡ್ರಾಯಿಂಗ್ ಶೀಟು, 20 ಸೆಂಟಿಮೀಟರ್ ಉದ್ದ, ಅಂಟಿಗೆ ಇನ್ನೊಂದು ಸೆಂಟಿಮೀಟರ್. ಪ್ರತಿ 2.5ಕ್ಕೆ ಖಾಲಿ ರೀಫಿಲ್ಲಿನಿಂದ ಗೆರೆ ಒತ್ತಿ ಮಡಚಲಿ. ಮಡಚದೆ ಸುತ್ತಿದರೆ ದುಂಡಗಾಗತ್ತೆ. ಚಾಪೆಲ್ಲಿನ ರಟ್ಟಿನ ಗೋಡೆಗೆ ಕಲ್ಲಿನ ಬಣ್ಣದ ಕಾಗದ ಅಂಟಿಸೋದಾದ್ರೆ ಹಿಂದುಗಡೆಯೂ ಒಂದು ಕಾಗದ ಅಂಟಿಸಿ, ನೀರಂಟು ಒಂದೇ ಕಡೆ ಹಚ್ಚಿದರೆ ರಟ್ಟು ಹಪ್ಪಳದ ಹಾಗೆ ಬಾಗತ್ತೆ. ರಾತ್ರಿಯಿಡೀ ಪುಸ್ತಕದ ಅಡಿ ಇಟ್ಟು ಒಣಗಿಸಿ. ಶನಿವಾರದೊಳಗೆ ಅಂಟಿಸೋದು ಮುಗಿಸಿಬಿಡಿ, ಭಾನುವಾರ ಬಣ್ಣ ಮಾತ್ರ.