ಲ್ಯಾಬ್‌ನಲ್ಲಿ 300, ಲೆಕ್ಕದಲ್ಲಿ 615: ಯಾವುದನ್ನು ನಂಬಲಿ?

ಪ್ರಶ್ನೆ: ಮೇಡಂ, ವೈಟ್‌ಫೀಲ್ಡ್ ಕಡೆ ಒಂದು ಏವಿಯಾನಿಕ್ಸ್ ಟೀಮಿಗೆ ಹೊಸದಾಗಿ ಸೇರಿದ್ದೇನೆ. ಎಎಫ್‌ಡಿಎಕ್ಸ್ (ವಿಮಾನದ ಒಳಗಿನ ಈಥರ್ನೆಟ್ ನೆಟ್‌ವರ್ಕ್) ಸ್ವಿಚ್‌ನ ಒಂದು ಔಟ್‌ಪುಟ್ ಪೋರ್ಟಿಗೆ ಐದು ವರ್ಚುವಲ್ ಲಿಂಕ್ (ಮೊದಲೇ ಗೊತ್ತುಮಾಡಿದ ಡೇಟಾ ದಾರಿ) ಬಂದು ಸೇರುತ್ತವೆ. ಎಲ್ಲದಕ್ಕೂ ಬ್ಯಾಗ್ (ಫ್ರೇಮ್‌ಗಳ ನಡುವಿನ ಕನಿಷ್ಠ ಅಂತರ) 128 ಮಿಲಿಸೆಕೆಂಡ್, ಫ್ರೇಮ್ (ಒಂದು ಸಲಕ್ಕೆ ಕಳಿಸುವ ಡೇಟಾ ಕಟ್ಟು) 1518 ಬೈಟ್. ಎರಡು ದಿನ ಓಡಿಸಿ ನೋಡಿದೆ, ತಡ 300 ಮೈಕ್ರೋಸೆಕೆಂಡ್ ದಾಟಲೇ ಇಲ್ಲ. ಲೆಕ್ಕ ಹಾಕಿದರೆ 615. 300ಕ್ಕೆ ಸ್ವಲ್ಪ ಮಾರ್ಜಿನ್ ಸೇರಿಸಿ ರಿಪೋರ್ಟ್ ಕೊಟ್ಟರೆ ಸಾಕಲ್ವಾ?

ಉತ್ತರ: ಸಾಲದು. 100 ಮೆಗಾಬಿಟ್ ವೈರಿನಲ್ಲಿ ನಿಮ್ಮ ಒಂದು ಫ್ರೇಮ್ ಹೋಗಲು, ಹಿಂದು ಮುಂದಿನ 20 ಬೈಟ್ ಸೇರಿಸಿ, ಸುಮಾರು 123 ಮೈಕ್ರೋಸೆಕೆಂಡ್ ಬೇಕು. ಐದೂ ಒಟ್ಟಿಗೆ ಬಂದರೆ ಕೊನೆಯದು ಹೋಗಿ ಮುಗಿಯಲು 615. ಬ್ಯಾಗ್ ಅಂದರೆ ಒಂದು ಲಿಂಕ್ ಎರಡು ಫ್ರೇಮ್‌ಗಳ ನಡುವೆ ಬಿಡಲೇಬೇಕಾದ ಅಂತರ. 128 ಮಿಲಿಸೆಕೆಂಡಿನಲ್ಲಿ 123 ಮೈಕ್ರೋಸೆಕೆಂಡ್ ಎಂದರೆ ಸಾವಿರದಲ್ಲಿ ಒಂದು ಪಾಲು. ಕಳಿಸುವ ಪೆಟ್ಟಿಗೆಗಳ ಗಡಿಯಾರಗಳಿಗೆ ಪರಸ್ಪರ ತಾಳಮೇಳ ಇಲ್ಲ. ಐದೂ ಒಟ್ಟಿಗೆ ಬಂದು ನಿಲ್ಲುವ ಗಳಿಗೆ ಎರಡು ದಿನದಲ್ಲಲ್ಲ, ಎರಡು ವರ್ಷದಲ್ಲೂ ಲ್ಯಾಬ್‌ನಲ್ಲಿ ಸಿಗದೇ ಇರಬಹುದು. ವಿಮಾನದಲ್ಲಿ ಮಾತ್ರ ಅದು ಯಾವತ್ತು ಬೇಕಾದರೂ ಬರಬಹುದು. ಅದಕ್ಕೇ ಏರ್‌ಬಸ್ ಎ380 ವಿಮಾನದ ಪ್ರಮಾಣೀಕರಣಕ್ಕೆ ಅಳತೆ ನೆಚ್ಚಿಕೊಳ್ಳದೆ ನೆಟ್‌ವರ್ಕ್ ಕ್ಯಾಲ್ಕುಲಸ್ (ಅತಿ ಕೆಟ್ಟ ತಡ ಎಷ್ಟೆಂದು ಲೆಕ್ಕ ಹಾಕುವ ಗಣಿತ) ಹಿಡಿದು ತಡದ ಮೇಲ್ಮಿತಿ ಕಟ್ಟಿದರು.

ಇನ್ನೊಬ್ಬರು: ವಿಮಾನಗಳ ಹಳೇ ಡೇಟಾ ವೈರಿಂಗ್ ಪದ್ಧತಿ ಆರಿಂಕ್ 429ರಲ್ಲಿ ಈ ತಲೆನೋವೇ ಇರಲಿಲ್ಲ.

ಉತ್ತರ: ನಿಜ. ಒಂದು ಜೋಡಿ ವೈರಿನಲ್ಲಿ ಮಾತಾಡುವುದು ಒಬ್ಬರೇ, ಕ್ಯೂ ಎಲ್ಲಿಂದ ಬರಬೇಕು! ಆದರೆ ವೇಗ 100 ಕಿಲೋಬಿಟ್, ವೈರು ಮಾತ್ರ ಹೊರೆಗಟ್ಟಲೆ.

ಪ್ರಶ್ನೆ: ಹಾಗಾದರೆ 615 ಅಂತಲೇ ಬರೆಯಲೇ? ನಮ್ಮ ಲೀಡ್ ಜಾಸ್ತಿ ಆಯ್ತು ಅಂತಾರೆ.

ಉತ್ತರ: ಸುಮ್ನೆ ಬರೆಯಬೇಡಿ, ಮೊದಲು ವೈರಿಂಗ್ ಡ್ರಾಯಿಂಗ್ ತೆಗೆಯಿರಿ. ಐದೂ ಐದು ಬೇರೆ ವೈರಿನಿಂದ ಬರುತ್ತವೆಯೇ? ಮೆಜೆಸ್ಟಿಕ್ ಮೆಟ್ರೊದ ಗೇಟ್ ನೆನಪಿಸಿಕೊಳ್ಳಿ. ಅಕ್ಕಪಕ್ಕದ ಮೂರು ಗೇಟ್‌ಗಳಿಂದ ಮೂವರು ಒಂದೇ ಸಲ ಎಸ್ಕಲೇಟರ್ ಬಾಯಿಗೆ ಬಂದು ನಿಲ್ಲಬಹುದು. ಒಂದೇ ಗೇಟಿನಲ್ಲಿ ಆಗದು. ಮುಂದಿನವರು ಕಾರ್ಡ್ ತಟ್ಟಿ ದಾಟಿದ ಮೇಲೇ ಹಿಂದಿನವರು. ಒಂದೇ ವೈರಿನ ಫ್ರೇಮ್‌ಗಳೂ ಹೀಗೇ ಸಾಲಾಗಿ ಬರುತ್ತವೆ. ಎರಡನೆಯದು ಬರುವಷ್ಟರಲ್ಲಿ ಕ್ಯೂನಿಂದ ಒಂದು ಹೊರಟಿರುತ್ತದೆ.

ಪ್ರಶ್ನೆ: ಡ್ರಾಯಿಂಗ್ ನೋಡಿದೆ ಮೇಡಂ. ಮೂರು ಲಿಂಕ್ ಹಿಂದಿನ ಸ್ವಿಚ್‌ನಿಂದ ಒಂದೇ ವೈರಿನಲ್ಲಿ ಬರುತ್ತಿವೆ.

ಉತ್ತರ: ಹಾಗಾದರೆ ಆ ವೈರಿನಿಂದ ಒಂದು, ಉಳಿದ ಎರಡು ಲಿಂಕ್‌ನಿಂದ ಒಂದೊಂದು, ಒಂದೇ ಸಲ ಬರುವುದು ಹೆಚ್ಚೆಂದರೆ ಮೂರು. 369 ಆಯಿತು. ಹಿಂದಿನ ಸ್ವಿಚ್‌ನಲ್ಲಿ ಆ ಮೂರು ಕಾದದ್ದನ್ನು ಬೇರೆ ಲೆಕ್ಕ ಹಾಕಿ ಸೇರಿಸಿ. ಸ್ವಿಚ್ ಒಳಗೆ ಆಗುವ ತಡವನ್ನೂ ಮರೆಯಬೇಡಿ.