ಸಹಾಯ ಬೇಕು: ಫುಟಿಯಲ್ಲಿ 'ಹೋಲ್ಡಿಂಗ್ ದ ಬಾಲ್' ಯಾವಾಗ ಕೊಡ್ತಾರೆ?

ಮೆಲ್ಬರ್ನ್ ಕನ್ನಡಿಗರೇ, ಎಲ್ಲರಿಗೂ ನಮಸ್ಕಾರ. ಇಲ್ಲಿ ಫುಟಿ (ಆಸ್ಟ್ರೇಲಿಯನ್ ರೂಲ್ಸ್ ಫುಟ್ಬಾಲ್) ಅಂಪೈರಿಂಗ್ ಮಾಡಿದವರು ಯಾರಾದರೂ ಇದ್ದೀರಾ? ಮಗಳು ಕ್ಲಬ್ ಸೇರಿದ್ದಾಳೆ. 'ಹೋಲ್ಡಿಂಗ್ ದ ಬಾಲ್', ಅಂದರೆ ಟ್ಯಾಕಲ್ ಆದಾಗ ಚೆಂಡನ್ನು ಸರಿಯಾಗಿ ಬಿಡದ ತಪ್ಪು, ಈ ಒಂದು ನಿಯಮದ ಬಗ್ಗೆ ಮನೆಯಲ್ಲಿ ವಾದ ಮುಗಿಯುತ್ತಲೇ ಇಲ್ಲ.

ನನಗೆ ತಿಳಿದಿರುವುದು ಇಷ್ಟು. ಚೆಂಡು ಹಿಡಿದವರಿಗೆ ಅದನ್ನು ಬಿಡಲು ಮೊದಲೇ ಅವಕಾಶ ಸಿಕ್ಕಿದ್ದರೆ, ಸರಿಯಾಗಿ ಟ್ಯಾಕಲ್ ಆದ (ಎದುರಾಳಿ ಹಿಡಿದು ತಡೆದ) ಕೂಡಲೇ ಒದೆಯಬೇಕು ಇಲ್ಲವೇ ಮುಷ್ಟಿಯಿಂದ ಹೊಡೆದು ದಾಟಿಸಬೇಕು. ಇಲ್ಲದಿದ್ದರೆ ಎದುರಾಳಿಗೆ ಫ್ರೀ ಕಿಕ್. ಅವಕಾಶವೇ ಸಿಗದಿದ್ದರೆ, ನಿಜವಾಗಿ ಪ್ರಯತ್ನ ಮಾಡಿದರೆ ಸಾಕು.

ಗೊಂದಲ ಶುರುವಾಗುವುದು ಇಲ್ಲಿ. ಕಳೆದ ಪಂದ್ಯದಲ್ಲಿ ಒಬ್ಬಳು ಚೆಂಡು ಎತ್ತುತ್ತಿದ್ದ ಹಾಗೇ ಟ್ಯಾಕಲ್ ಬಿತ್ತು, ಒಂದು ಕೈ ಸಿಕ್ಕಿಕೊಂಡಿತು, ಚೆಂಡು ಜಾರಿ ಕೆಳಗೆ ಬಿತ್ತು. ಅಂಪೈರ್ 'ಪ್ಲೇ ಆನ್' (ಆಟ ಮುಂದುವರಿಸಿ) ಅಂದರು. ಸ್ವಲ್ಪ ಹೊತ್ತಿಗೆ ಇನ್ನೊಬ್ಬಳು ಎದುರಾಳಿಯನ್ನು ಕೈಯಿಂದ ತಳ್ಳಿ ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಅವಳ ಚೆಂಡೂ ಹಾಗೇ ಜಾರಿತು. ಫ್ರೀ ಕಿಕ್! ಹಾಗೆ ತಳ್ಳಿದ್ದೇ ಅವಕಾಶ ಸಿಕ್ಕಿದ್ದಕ್ಕೆ ಲೆಕ್ಕವಂತೆ. ಅದು ನ್ಯಾಯವೇ ಅನ್ನಿಸುತ್ತದೆ, ಬೇಕೆಂದೇ ಚೆಂಡು ಇಟ್ಟುಕೊಂಡಳು ಅಲ್ವಾ. ಆದರೆ ತಪ್ಪಿಸಿಕೊಳ್ಳಲು ಹೋಗದೆ, ಸುಮ್ನೆ ಎರಡು ಹೆಜ್ಜೆ ಓಡಿದರೆ?

ಎಎಫ್‌ಎಲ್‌ನಲ್ಲಿ (ಇಲ್ಲಿನ ಅತಿ ದೊಡ್ಡ ಫುಟಿ ಲೀಗ್) 2023ರಿಂದ ಮೈದಾನದೊಳಗೇ ನಾಲ್ವರು ಅಂಪೈರ್‌ಗಳಿದ್ದಾರೆ. ಅಲ್ಲೂ ಟ್ಯಾಕಲ್ ಬಿದ್ದಾಗಲೆಲ್ಲ ಇಡೀ ಸ್ಟೇಡಿಯಂ ಈ ಫ್ರೀ ಕಿಕ್ ಕೇಳುತ್ತಾ 'ಬಾಲ್!' ಎಂದು ಕೂಗುತ್ತದೆ. ಮಕ್ಕಳ ಪಂದ್ಯದಲ್ಲಿ ಹದಿಹರೆಯದ ಅಂಪೈರ್ ಮೇಲೆ ದೊಡ್ಡವರು ಹಾಗೆ ಕೂಗುವುದು ನನಗೆ ಒಂಚೂರೂ ಇಷ್ಟವಿಲ್ಲ.

ಆ ಕ್ಷಣದಲ್ಲಿ ನೀವು ಮೊದಲು ಏನು ನೋಡುತ್ತೀರಿ? ಕಾಲನ್ನೋ, ಕೈಯನ್ನೋ? ಮಗಳಿಗೆ ಹೇಳಿಕೊಡುವ ಹಾಗೆ ಒಂದೆರಡು ಉದಾಹರಣೆ ಕೊಟ್ಟರೆ ತುಂಬಾ ಉಪಕಾರ.