ಒಂದೇ ರೂಮು, ರಾತ್ರಿ ಬಸ್ಸು: ಗಾಳದ ಸಾಮಾನು ಹೇಗೆ ಜೋಡಿಸೋದು?

ಸಜ್ಜೆ_ಫುಲ್:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಒಂದು ರೂಮು, ಒಂದು ಅಡುಗೆಮನೆಯ ಬಾಡಿಗೆ ಮನೆ ನಮ್ಮದು. ಸಜ್ಜೆ ಮೇಲೆ ಸೂಟ್‌ಕೇಸು, ಮಂಚದ ಕೆಳಗೆ ಅಕ್ಕಿ ಡ್ರಮ್ಮು. ಗಾಳದ ಸಾಮಾನಿಗೆ ಉಳಿದಿರುವುದು ಬಾಗಿಲ ಹಿಂದಿನ ಮೂಲೆ ಮತ್ತು ಚಪ್ಪಲಿ ಸ್ಟ್ಯಾಂಡಿನ ಮೇಲೆ ಒಂದು ಮೊಳ ಜಾಗ, ಅಷ್ಟೇ. ನನ್ನ ಹತ್ತಿರ ಇರುವುದು ಮೂರು ತಟ್ಟೆಯ ದೊಡ್ಡ ಪೆಟ್ಟಿಗೆ. ಅದು ಅಲ್ಲಿ ಕೂರುವುದಿಲ್ಲ, ಬಸ್ಸಿನಲ್ಲಿ ಕಾಲ ಹತ್ತಿರವೂ ಕೂರುವುದಿಲ್ಲ. ರಜೆ ಸಿಕ್ಕಾಗ ರಾತ್ರಿ ಬಸ್ಸು ಹತ್ತಿ ಮರವಂತೆಗೆ ಹೋಗುವುದು ರೂಢಿ.

ಜಾಗದ ಕಷ್ಟ ಒಂದಾದರೆ ಪೆಟ್ಟಿಗೆ ಒಳಗಿನ ಕಥೆ ಇನ್ನೊಂದು. ಎರೆಯಾಗಿ ಬಳಸುವ ರಬ್ಬರ್ ಮೀನುಗಳು ಮೆತ್ತಗಾಗಿ ತಟ್ಟೆಗೆ ಅಂಟಿಕೊಂಡಿವೆ. ಪಕ್ಕದಲ್ಲಿದ್ದ ಮಿನ್ನೋ ಲೂರಿನ (ಪುಟ್ಟ ಮೀನಿನ ಆಕಾರದ ಗಟ್ಟಿ ಹುಸಿ ಎರೆ) ಬಣ್ಣ ಎದ್ದು ಬಂದಿದೆ. ಮೂರು ಮೊನೆಯ ಟ್ರೆಬಲ್ ಹುಕ್ಕುಗಳು ಒಂದಕ್ಕೊಂದು ಸಿಕ್ಕಿಕೊಂಡು, ಒಂದು ಲೂರು ಎತ್ತಿದರೆ ನಾಲ್ಕೈದು ಒಟ್ಟಿಗೆ ಬರುತ್ತವೆ. ಒಮ್ಮೆಯೂ ನೀರಿಗೆ ಇಳಿಸದ ಹುಕ್ಕಿಗೂ ತುಕ್ಕು ಬಂದಿದೆ, ಇದು ಮಾತ್ರ ಯಾಕೆ ಅಂತ ಗೊತ್ತಾಗುತ್ತಿಲ್ಲ. ಸಣ್ಣದಾದ ಒಳ್ಳೆಯ ಪೆಟ್ಟಿಗೆ ಯಾವುದು ಕೊಳ್ಳಲಿ ಹೇಳಿ. ಖರ್ಚು ಜಾಸ್ತಿ ಆಗಬಾರದು, ಮನೆಯಲ್ಲಿ ಈಗಾಗಲೇ ಲೆಕ್ಕ ಕೇಳ್ತಿದ್ದಾರೆ.

ಗಂಗೊಳ್ಳಿ_ಗಾಳ:
ಪೆಟ್ಟಿಗೆ ಆಮೇಲೆ ತಗೊಳ್ಳುವಿರಂತೆ ಮಾರಾಯ್ರೆ. ಈಗ ಕೊಂಡರೆ ಸಣ್ಣ ಪೆಟ್ಟಿಗೆಯಲ್ಲೂ ಇದೇ ಆಗ್ತದೆ. ಮೊದಲು ಮೂರು ವಿಷಯ ಹೇಳಿ. ಪೆಟ್ಟಿಗೆಯ ತಳ ತಿರುಗಿಸಿ ನೋಡಿ, ಸಣ್ಣ ತ್ರಿಕೋನದ ಒಳಗೆ ಯಾವ ಅಂಕಿ ಉಂಟು? ಮರವಂತೆಯಲ್ಲಿ ಗಾಳ ಹಾಕುವುದು ಸಮುದ್ರದ ಬದಿಗೋ, ಹೊಳೆ ಬದಿಗೋ? ಬಳಸಿದ ಲೂರನ್ನು ಬಿಚ್ಚಿದ ಮೇಲೆ ಎಲ್ಲಿ ಇಡ್ತೀರಿ?

ಸಜ್ಜೆ_ಫುಲ್:
ತಳದಲ್ಲಿ 6 ಅಂತ ಇದೆ. ಗಾಳ ಎರಡೂ ಬದಿಗೆ ಹಾಕ್ತೀನಿ. ಬೆಳಿಗ್ಗೆ ಸಮುದ್ರ, ಬಿಸಿಲೇರಿದ ಮೇಲೆ ಹೆದ್ದಾರಿ ದಾಟಿ ಸೌಪರ್ಣಿಕಾ. ಬಳಸಿದ ಲೂರನ್ನು ಅಂಗಿಗೆ ಒರೆಸಿ ಅದರ ಖಾನೆಗೇ ವಾಪಸು ಹಾಕ್ತೀನಿ. ರಾಡು 7 ಅಡಿ, ಎರಡು ತುಂಡಿನದು. 3000 ಸೈಜಿನ ರೀಲು ಒಂದು. ಲೂರು ಒಂದು ರಾಶಿ. ಸೀಸದ ಗುಂಡು ಒಂದು ಕೇಜಿ ಹತ್ತಿರ ಇರಬಹುದು. ಕೆರೆಗೆ ಅಂತ ತಂದ ಬೆಂಡು, ಕಪ್ಪೆ ಲೂರು ಕೂಡ ಅದರಲ್ಲೇ ಇವೆ.

ಗಂಗೊಳ್ಳಿ_ಗಾಳ:
ಉತ್ತರದಲ್ಲೇ ಕಾಯಿಲೆ ಸಿಕ್ಕಿತು. ಸ್ವಲ್ಪ ಉದ್ದ ಬರೀತೇನೆ, ಬೇಜಾರು ಮಾಡ್ಕೊಬೇಡಿ.

6 ಅಂದರೆ ಪಾಲಿಸ್ಟೈರೀನ್. ರಬ್ಬರ್ ಮೀನು ಅಂತ ನಾವು ಕರೆಯುವುದರಲ್ಲಿ ಹೆಚ್ಚಿನವು ರಬ್ಬರೇ ಅಲ್ಲ, ಮೆದು ಪಿವಿಸಿ. ಪಿವಿಸಿ ಗಟ್ಟಿ ಮಾಲು, ನಲ್ಲಿ ಪೈಪು ಮಾಡುವುದೂ ಅದರಲ್ಲೇ. ಅದು ಬಳುಕಬೇಕು ಅಂತ ಎಣ್ಣೆಯಂಥ ಒಂದು ದ್ರವ ಬೆರೆಸಿರುತ್ತಾರೆ, ಪ್ಲಾಸ್ಟಿಸೈಸರ್ ಅಂತ ಅದರ ಹೆಸರು. ಅದು ನಿಧಾನಕ್ಕೆ ಹೊರಗೆ ಒಸರುತ್ತಾ ಇರುತ್ತದೆ. ಪಾಲಿಸ್ಟೈರೀನ್ ತಟ್ಟೆಗೆ ತಾಗಿದರೆ ತಟ್ಟೆ ಮೆತ್ತಗಾಗುತ್ತದೆ, ಲೂರಿನ ಬಣ್ಣಕ್ಕೆ ತಾಗಿದರೆ ಬಣ್ಣ ಏಳುತ್ತದೆ. ಸೆಖೆ ಇದ್ದರೆ ಇನ್ನೂ ಬೇಗ. ರಬ್ಬರ್ ಮೀನಿನಲ್ಲಿ ಇನ್ನೊಂದು ಜಾತಿ ಉಂಟು, ಎಳೆದಷ್ಟೂ ಹಿಗ್ಗುವಂಥದ್ದು. ಅದು ಟಿಪಿಇ ಅನ್ನುವ ಬೇರೆ ಪ್ಲಾಸ್ಟಿಕ್. ಅದನ್ನು ಪಿವಿಸಿಯದರ ಜೊತೆ ಒಂದೇ ಖಾನೆಯಲ್ಲಿ ಇಟ್ಟರೆ ಎರಡೂ ಸೇರಿ ಅಂಟಂಟು ಮುದ್ದೆ.

ಹಾಗಾಗಿ ರಬ್ಬರ್ ಮೀನು ಯಾವ ಪ್ಯಾಕೆಟ್ಟಿನಲ್ಲಿ ಬಂತೋ ಅದರಲ್ಲೇ ಇರಲಿ. ಪ್ಯಾಕೆಟ್ಟು ಹರಿದಿದ್ದರೆ ತಳದಲ್ಲಿ 5 ಇರುವ ಡಬ್ಬಿ ನೋಡಿ. 5 ಅಂದರೆ ಪಾಲಿಪ್ರೊಪಿಲೀನ್, ಅದಕ್ಕೆ ಈ ಎಣ್ಣೆ ಏನೂ ಮಾಡಲ್ಲ. ದುಡ್ಡು ಕೊಟ್ಟು ತರಬೇಕಾಗಿಯೂ ಇಲ್ಲ. ಹೋಟೆಲಿನಿಂದ ಸಾಂಬಾರು, ಕುರ್ಮಾ ಪಾರ್ಸೆಲ್ ಬರುವ ಡಬ್ಬಿಗಳಲ್ಲಿ ಹೆಚ್ಚಿನವು 5. ತಿರುಗಿಸಿ ನೋಡಿ ಖಾತ್ರಿ ಮಾಡ್ಕೊಳ್ಳಿ. ಒಂದು ಡಬ್ಬಿಗೆ ಒಂದೇ ಬಣ್ಣ. ಕಪ್ಪನ್ನೂ ಬಿಳಿಯನ್ನೂ ಒಟ್ಟಿಗೆ ಹಾಕಿದರೆ ಕಪ್ಪು ಬಣ್ಣ ಬಿಳಿಯದಕ್ಕೆ ಹತ್ತುತ್ತದೆ, ತೊಳೆದರೆ ಹೋಗುವುದಿಲ್ಲ. ಈಗ ಅಂಟಿಕೊಂಡದ್ದಕ್ಕೆ ಅಡುಗೆ ಎಣ್ಣೆ ಹಚ್ಚಿ ಸ್ವಲ್ಪ ಹೊತ್ತು ಬಿಡಿ, ಆಮೇಲೆ ಪಾತ್ರೆ ಸೋಪಿನಲ್ಲಿ ತೊಳೆಯಿರಿ. ಥಿನ್ನರ್ ಮಾತ್ರ ಬೇಡ. ಅದು ಇರುವ ಬಣ್ಣವನ್ನೂ ತಟ್ಟೆಯನ್ನೂ ತಿನ್ನುತ್ತದೆ.

ಇನ್ನು ತುಕ್ಕು. ಅಂಗಿಗೆ ಒರೆಸಿದರೆ ನೀರು ಹೋಗಬಹುದು, ಉಪ್ಪು ಹೋಗುವುದಿಲ್ಲ. ಉಪ್ಪು ಗಾಳಿಯ ಪಸೆ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಅಡುಗೆಮನೆಯ ಉಪ್ಪಿನ ಡಬ್ಬಿ ನೀರು ಬಿಡುವ ಹಾಗೆ. ಮುಚ್ಚಿದ ಪೆಟ್ಟಿಗೆಯಿಂದ ಆ ಪಸೆಗೆ ಹೊರಗೆ ಹೋಗಲು ದಾರಿ ಇಲ್ಲ. ಒಂದು ಲೂರು ಒದ್ದೆ ಇದ್ದರೆ ಸಾಕು, ಇಡೀ ಪೆಟ್ಟಿಗೆಯ ಗಾಳಿ ಒದ್ದೆ. ನೀವು ಬಳಸದ ಹುಕ್ಕಿಗೆ ತುಕ್ಕು ಬಂದದ್ದು ಹಾಗೆ. ಇದಕ್ಕೆ ಔಷಧಿ ಒಂದೇ: ಬಳಸಿದ ಲೂರು ಅವತ್ತು ಪೆಟ್ಟಿಗೆಗೆ ವಾಪಸು ಹೋಗಬಾರದು. ಒಂದು ಪಾರ್ಸೆಲ್ ಡಬ್ಬಿಯ ಮುಚ್ಚಳಕ್ಕೆ ತೂತು ಹೊಡೆದು 'ಒದ್ದೆ ಡಬ್ಬಿ' ಮಾಡಿ. ಬಳಸಿದ್ದೆಲ್ಲ ಅದಕ್ಕೆ. ಮನೆಗೆ ಬಂದು ಸಿಹಿನೀರಿನಲ್ಲಿ ಹತ್ತು ನಿಮಿಷ ನೆನೆಸಿ, ಪೇಪರಿನ ಮೇಲೆ ಹರಡಿ ರಾತ್ರಿ ಫ್ಯಾನ್ ಹಾಕಿ ಬಿಡಿ. ಪೂರ್ತಿ ಒಣಗಿದ ಮೇಲೆ ಖಾನೆಗೆ. ಆಗಲೇ ತುಕ್ಕು ಹಿಡಿದ ಟ್ರೆಬಲ್‌ಗಳನ್ನು ಉಜ್ಜುತ್ತಾ ಕೂರಬೇಡಿ. ಲೇಪ ಹೋದ ಹುಕ್ಕಿಗೆ ಮತ್ತೆ ತುಕ್ಕು ಬರ್ತದೆ. ಬಿಚ್ಚಿ ಬೇರೆ ಹಾಕಿ.

ಈಗ ಜಾಗ. ನೀವು ಸಾಮಾನನ್ನು ಅಂಗಡಿಯವರ ಹಾಗೆ ಜಾತಿ ಪ್ರಕಾರ ಜೋಡಿಸಿದ್ದೀರಿ ಅಂತ ಕಾಣ್ತದೆ. ಹುಕ್ಕಿಗೆ ಒಂದು ತಟ್ಟೆ, ಲೂರಿಗೆ ಒಂದು, ಗುಂಡಿಗೆ ಒಂದು. ಹಾಗಿದ್ದರೆ ಎಲ್ಲಿಗೆ ಹೋದರೂ ಇಡೀ ಪೆಟ್ಟಿಗೆ ಹೊರಲೇಬೇಕು. ನೀರಿನ ಪ್ರಕಾರ ಜೋಡಿಸಿ. ಖಾನೆ ಸರಿಸಬಹುದಾದ ಚಪ್ಪಟೆ ಡಬ್ಬಿ ಸಿಗುತ್ತದಲ್ಲ, 3600 ಸೈಜು ಅಂತಾರೆ. ಸುಮಾರು 28 ಸೆಂಟಿಮೀಟರ್ ಉದ್ದ, 18 ಅಗಲ, ನಾಲ್ಕೂವರೆ ದಪ್ಪ. ಅಂಥ ಎರಡು ಸಾಕು. ಒಂದು ಸಮುದ್ರದ ಡಬ್ಬಿ: 20ರಿಂದ 40 ಗ್ರಾಂ ಸ್ಪೂನು, ಮೆಟಲ್ ಜಿಗ್, ಒಂದು ಪಾಪ್ಪರ್, ದಪ್ಪ ಲೀಡರ್ (ಲೂರಿನ ಮುಂದೆ ಕಟ್ಟುವ ದಾರದ ತುಂಡು), ದೊಡ್ಡ ಸ್ನ್ಯಾಪು (ಲೂರು ಸಿಕ್ಕಿಸುವ ಕೊಂಡಿ). ಇನ್ನೊಂದು ಹೊಳೆ ಡಬ್ಬಿ: 5ರಿಂದ 10 ಗ್ರಾಂ ಜಿಗ್ ಹೆಡ್ (ರಬ್ಬರ್ ಮೀನು ಚುಚ್ಚುವ, ಭಾರದ ತಲೆಯ ಹುಕ್ಕು), 7ರಿಂದ 9 ಸೆಂಟಿಮೀಟರ್ ಮಿನ್ನೋ, ಮತ್ತೆ ಕಾಣೆ ಮೀನಿಗೆ ಅಂತ ಸಣ್ಣ ಹುಕ್ಕು, ನಾಲ್ಕಾರು ಗುಂಡು. ಕಾಣೆಗೆ ಲೂರಿನ ರಾಶಿ ಯಾಕೆ? ಸಿಗಡಿ ಚೂರು ಸಾಕು, ಅದು ಅಲ್ಲೇ ಸಿಗ್ತದೆ. ರಸ್ತೆ ದಾಟುವಾಗ ಒಂದು ಡಬ್ಬಿ ಬ್ಯಾಗಿಗೆ, ಇನ್ನೊಂದು ಕೈಗೆ. ಕೆರೆಯ ಕಪ್ಪೆ ಲೂರು ಮರವಂತೆ ನೋಡುವ ಅಗತ್ಯ ಇಲ್ಲ, ಬೆಂಗಳೂರಲ್ಲೇ ಇರಲಿ.

ಆಕ್ಟಿವಾ_ಆಂಗ್ಲರ್:
ಗಂಗೊಳ್ಳಿ ಸರ್ ಹೇಳಿದ್ದು ಸರಿ. ಟ್ರೆಬಲ್ ಸಿಕ್ಕಿಕೊಳ್ಳೋದಕ್ಕೆ ನನ್ನದೊಂದು ಉಪಾಯ. ಅಕ್ವೇರಿಯಂ ಅಂಗಡಿಯಲ್ಲಿ ಗಾಳಿ ಪೈಪು ಮೀಟರ್ ಲೆಕ್ಕದಲ್ಲಿ ಸಿಗುತ್ತೆ. ಒಂದೊಂದು ಇಂಚು ಕತ್ತರಿಸಿ ಹುಕ್ಕಿನ ಮೂರೂ ಮೊನೆಗೆ ಒಂದೊಂದು ತೂರಿಸಿ. ದಪ್ಪ ಟ್ರೆಬಲ್ ಆದರೆ ಪೈಪನ್ನು ಉದ್ದಕ್ಕೆ ಸೀಳಿ. ಬಸ್ಸು ಘಾಟಿಯಲ್ಲಿ ಎಷ್ಟು ಕುಲುಕಿದರೂ ಲೂರು ಬಿಡಿಬಿಡಿಯಾಗೇ ಇರುತ್ತೆ. ಬ್ಯಾಗಿಗೆ ಕೈ ಹಾಕಿದಾಗ ಬೆರಳೂ ಉಳಿಯುತ್ತೆ. ಮನೆಯಲ್ಲೇ ಉಳಿಯುವ ಲೂರಿನದು ಹುಕ್ಕನ್ನೇ ಬಿಚ್ಚಿಡಿ. ಹುಕ್ಕನ್ನು ಲೂರಿಗೆ ಸೇರಿಸುವ ಸ್ಪ್ಲಿಟ್ ರಿಂಗ್ ಬಿಡಿಸುವ ಇಕ್ಕಳ ಒಂದಿದ್ದರೆ ನಿಮಿಷದ ಕೆಲಸ. ಹುಕ್ಕಿಲ್ಲದ ಲೂರು ಎಷ್ಟು ಕಡಿಮೆ ಜಾಗ ಹಿಡಿಯುತ್ತೆ ಅಂತ ಆಗ ಗೊತ್ತಾಗುತ್ತೆ.

ರಾಡು: ಎರಡು ತುಂಡಿನ 7 ಅಡಿಯದ್ದು ಬಿಚ್ಚಿದರೆ ಸುಮಾರು 110 ಸೆಂಟಿಮೀಟರ್. ಹಾರ್ಡ್‌ವೇರ್ ಅಂಗಡಿಯಲ್ಲಿ 75 ಎಂಎಂ ಪಿವಿಸಿ ಪೈಪು 120 ಸೆಂಟಿಮೀಟರ್ ಕತ್ತರಿಸಿ ಕೊಡಿ ಅನ್ನಿ, ಎರಡು ಕಡೆ ಎಂಡ್ ಕ್ಯಾಪ್. ಒಂದು ಕ್ಯಾಪನ್ನು ಸಲ್ಯೂಷನ್ ಹಾಕಿ ಅಂಟಿಸಿ, ಇನ್ನೊಂದು ಹಾಗೇ ಬಿಗಿಯಾಗಿ ಕೂರುತ್ತೆ. ಅಂಟಿಸಿದ ಕಡೆ ಸಣ್ಣ ತೂತು ಹೊಡೆಯಲೇಬೇಕು, ಇಲ್ಲಾಂದ್ರೆ ಒದ್ದೆ ರಾಡಿನ ನೀರು ಅಲ್ಲೇ ನಿಂತು ಗೈಡುಗಳು (ದಾರ ಹಾಯುವ ಬಳೆಗಳು) ಹಾಳು. ಬಾಗಿಲ ಹಿಂದೆ ನಿಲ್ಲಿಸಿದರೆ ಮನೆಗೆ ಬಂದವರು ಪ್ಲಂಬಿಂಗ್ ಕೆಲಸ ಬಾಕಿ ಇದೆ ಅಂದ್ಕೊಳ್ತಾರೆ, ಅದೊಂದೇ ತೊಂದರೆ.

ಸ್ಕೂಟರಿನಲ್ಲಿ ಕೆರೆಗೆ ಹೋಗೋದಾದರೆ ಒಂದು ಮಾತು. ಆಕ್ಟಿವಾ ಸೀಟಿನ ಕೆಳಗೆ 18 ಲೀಟರ್ ಜಾಗ ಇದೆ, 3600 ಡಬ್ಬಿ ಆರಾಮಾಗಿ ಹೋಗುತ್ತೆ. ಆದರೆ ಇಂಜಿನ್ನಿನ ಬಿಸಿ, ಮೇಲಿನ ಬಿಸಿಲು ಎರಡೂ ಸೇರಿ ಒಳಗೆ ಒಲೆ. ರಬ್ಬರ್ ಮೀನು ಅಲ್ಲಿ ಬೇಡ, ಬ್ಯಾಗಿನಲ್ಲಿರಲಿ.

ಹವಾಯಿ_ಚಪ್ಪಲಿ:
ಇಷ್ಟೆಲ್ಲ ಯಾಕೆ? ಹಳೆ ಹವಾಯಿ ಚಪ್ಪಲಿ ಕತ್ತರಿಸಿ ಅದಕ್ಕೆ ಹುಕ್ಕು ಚುಚ್ಚಿ, ದಾರ ಅದಕ್ಕೇ ಸುತ್ತಿ. ಊರಿನಲ್ಲಿ ನಾವು ಮೊದಲಿಂದಲೂ ಮಾಡೋದು ಇದೇ. ಜೇಬಿನಲ್ಲಿ ಇಟ್ಟುಕೊಂಡು ಹೋಗಬಹುದು.

ಗಂಗೊಳ್ಳಿ_ಗಾಳ:
ಚಪ್ಪಲಿ ತುಂಡು ಒಳ್ಳೆಯದೇ, ನಾನೂ ಬಳಸ್ತೇನೆ. ಆದರೆ ಹೊಸ ಹುಕ್ಕು, ಒಣ ದಾರಕ್ಕೆ ಮಾತ್ರ. ಮನೆಯಲ್ಲೇ ಲೀಡರ್ ಕಟ್ಟಿ, ತುದಿಗೆ ಹುಕ್ಕು, ಇನ್ನೊಂದು ತುದಿಗೆ ಸ್ವಿವೆಲ್ (ತಿರುಗುವ ಕೊಂಡಿ) ಹಾಕಿ ಅದಕ್ಕೆ ಸುತ್ತಿಟ್ಟರೆ ಗಾಳಿಯಲ್ಲಿ ನಿಂತು ಗಂಟು ಹಾಕುವ ಕೆಲಸ ಇಲ್ಲ. ಉಪ್ಪುನೀರು ಕುಡಿದ ಹುಕ್ಕನ್ನು ವಾಪಸು ಅದೇ ತೂತಿಗೆ ಚುಚ್ಚಿದಿರೋ, ಮೊನೆ ಇರುವ ಜಾಗದಲ್ಲೇ ಪಸೆ ನಿಲ್ತದೆ. ಹೊರಗಿಂದ ಹುಕ್ಕು ಚೆಂದ ಕಾಣ್ತದೆ, ಎಳೆದು ತೆಗೆದಾಗ ಮೊನೆ ಕೆಂಪು. ಎಸಿ ಪೈಪಿಗೆ ಸುತ್ತುವ ಕಪ್ಪು ಫೋಮಿಗೂ ಇದೇ ಮಾತು.

ಸಜ್ಜೆ_ಫುಲ್:
ಎಲ್ಲರಿಗೂ ಥ್ಯಾಂಕ್ಸ್. ಭಾನುವಾರ ಎಲ್ಲ ನೆಲದ ಮೇಲೆ ಸುರಿದು ಕೂತೆ. ಎರಡು ಡಬ್ಬಿ ತಂದೆ, ತಳದಲ್ಲಿ 5 ಇದೆ, ನೋಡಿಯೇ ತಂದದ್ದು. ಲೂರುಗಳಲ್ಲಿ ಮುಕ್ಕಾಲು ಭಾಗ ಯಾವ ಡಬ್ಬಿಗೂ ಬೇಡ ಅಂತ ಆಯಿತು. ಒಂದೇ ಲೂರು ಬೇರೆ ಬೇರೆ ಬಣ್ಣದಲ್ಲಿ ಎಷ್ಟೊಂದು ಕೊಂಡಿದ್ದೀನಿ! ಪ್ರತಿಯೊಂದರಲ್ಲಿ ತಿಳಿ ಬಣ್ಣದ್ದು ಒಂದು, ಗಾಢ ಬಣ್ಣದ್ದು ಒಂದು ಇಟ್ಟುಕೊಂಡೆ. ಉಳಿದವು ಹುಕ್ಕು ಬಿಚ್ಚಿಸಿಕೊಂಡು ಸೂಟ್‌ಕೇಸಿನ ಒಳಗೆ ಹೋದವು. ಪೈಪಿಗೂ ಹೇಳಿದ್ದೀನಿ.

ಇನ್ನು ಎರಡು ಗೊಂದಲ. ಸೀಸದ ಗುಂಡು ಡಬ್ಬಿಯಲ್ಲಿ ಇಟ್ಟರೆ ಓಡಾಡಿ ಬಾಕಿ ಲೂರಿಗೆಲ್ಲ ಗೀರು ಹಾಕುತ್ತೆ. ಎಲ್ಲಿ ಇಡಲಿ? ಸಮುದ್ರಕ್ಕೆ ದಪ್ಪ ಬ್ರೇಡು (ಹೆಣೆದ ದಾರ), ಹೊಳೆಗೆ ತೆಳು ಬ್ರೇಡು ಬೇಕಲ್ಲ, ಇನ್ನೊಂದು ರೀಲು ತಗೊಳ್ಳಬೇಕಾ? ಶೂ ಡಬ್ಬಿಯಲ್ಲಿ ಬಂದ ಸಿಲಿಕಾ ಜೆಲ್ ಪೊಟ್ಟಣ ಹಾಕಿದರೆ ನಡೆಯುತ್ತಾ ಅಂತಲೂ ಹೇಳಿ.

ಆಕ್ಟಿವಾ_ಆಂಗ್ಲರ್:
ಎರಡು ಗೊಂದಲ ಅಂತ ಮೂರು ಕೇಳಿದ್ದೀರಿ ಗುರು. ರೀಲು ಬೇಡ, ಅದೇ ರೀಲಿಗೆ ಇನ್ನೊಂದು ಸ್ಪೂಲು ತಗೊಳ್ಳಿ. ನಿಮ್ಮ ಮಾಡೆಲ್ಲಿಗೇ ಕೂರುತ್ತಾ ಅಂತ ಕೇಳಿ ತಗೊಳ್ಳಿ, ಸೈಜು ಒಂದೇ ಇದ್ದ ಮಾತ್ರಕ್ಕೆ ಎಲ್ಲ ಸ್ಪೂಲೂ ಎಲ್ಲದಕ್ಕೂ ಕೂರಲ್ಲ. ಒಂದರಲ್ಲಿ 25 ಅಥವಾ 30 ಪೌಂಡ್, ಇನ್ನೊಂದರಲ್ಲಿ 15 ಪೌಂಡ್ ಬ್ರೇಡು. ಒಂದು ಕಾಲ್ಚೀಲದಲ್ಲಿ ಸುತ್ತಿ ಇಟ್ಟರೆ ಮುಷ್ಟಿಯಷ್ಟು ಜಾಗ. ಮನೆಯಲ್ಲಿ ಸುಮ್ನೆ ಇಟ್ಟಿರುವಾಗ ಡ್ರ್ಯಾಗ್ (ರೀಲಿನ ಬ್ರೇಕು) ಸಡಿಲ ಮಾಡಿಡಿ, ಬಿಗಿಯಾಗೇ ಬಿಟ್ಟರೆ ಒಳಗಿನ ವಾಷರ್ ಒತ್ತಿಕೊಂಡು ಕೂರುತ್ತೆ.

ಗಂಗೊಳ್ಳಿ_ಗಾಳ:
ಸೀಸಕ್ಕೆ ದಪ್ಪ ಬಟ್ಟೆಯ ಸಣ್ಣ ಚೀಲ ಹೊಲಿಸಿ. ಬ್ಯಾಗಿನ ತಳದಲ್ಲಿ, ಬೆನ್ನಿಗೆ ತಾಗುವ ಬದಿಗೆ ಇಡಿ. ಭಾರ ಬೆನ್ನಿಗೆ ಹತ್ತಿರ ಇದ್ದರೆ ಕಲ್ಲಿನ ಮೇಲೆ ನಡೆಯುವಾಗ ಜೋಲಿ ತಪ್ಪುವುದಿಲ್ಲ. ಒಂದು ಕೇಜಿ ಪೂರ್ತಿ ಹೊರಬೇಡಿ, ಕಲ್ಲಿನ ಸಂದಿಗೆ ಸಿಕ್ಕಿ ಕಳೆದುಹೋಗುವಷ್ಟು ಲೆಕ್ಕ ಹಾಕಿ ತನ್ನಿ. ಮನೆಯಲ್ಲಿ ಮಕ್ಕಳಿದ್ದರೆ ಚೀಲ ಕೈಗೆ ಸಿಗದ ಹಾಗೆ ಇಡಿ, ಸೀಸ ವಿಷ. ಮುಟ್ಟಿದ ಕೈಯಲ್ಲಿ ಅವಲಕ್ಕಿ ತಿನ್ನಬೇಡಿ. ಗುಂಡು ಹಾಕಿದ ಡಬ್ಬಿ ಅಡುಗೆಮನೆಗೆ ವಾಪಸು ಹೋಗಬಾರದು.

ಶೂ ಡಬ್ಬಿಯ ಪೊಟ್ಟಣ ಅಷ್ಟರಲ್ಲಿ ಪಸೆ ಕುಡಿದು ಹೊಟ್ಟೆ ತುಂಬಿಸಿಕೊಂಡಿರ್ತದೆ, ಹೆಚ್ಚೇನೂ ಪ್ರಯೋಜನ ಇಲ್ಲ. ಬಣ್ಣ ಬದಲಾಯಿಸುವ ಕಿತ್ತಳೆ ಸಿಲಿಕಾ ಮಣಿ ಬಿಡಿಯಾಗಿ ಸಿಗ್ತದೆ, ಪಸೆ ಕುಡಿದರೆ ಹಸಿರಾಗುತ್ತದೆ. ನೀಲಿ ಮಣಿ ಬೇಡ, ಅದರ ಬಣ್ಣಕ್ಕೆ ಕೋಬಾಲ್ಟ್ ಹಾಕಿರ್ತಾರೆ. ಸಣ್ಣ ಬಟ್ಟೆ ಗಂಟು ಕಟ್ಟಿ ಡಬ್ಬಿಗೊಂದು ಹಾಕಿ. ಹಸಿರಾದ ಮೇಲೆ ಗಂಟು ಬಿಚ್ಚಿ, ಅಡುಗೆಗೆ ಬಳಸದ ಹಳೆ ಬಾಣಲೆಯಲ್ಲಿ ಸಣ್ಣ ಉರಿಗೆ ಬಿಸಿ ಮಾಡಿದರೆ ಮತ್ತೆ ಕಿತ್ತಳೆ ಆಗ್ತದೆ. ಒದ್ದೆ ಡಬ್ಬಿಗೆ ಮಾತ್ರ ಹಾಕಬೇಡಿ, ಅಲ್ಲಿ ಒಂದು ಗಂಟೆಯೂ ತಡೆಯುವುದಿಲ್ಲ.